ವರದಿ ಊರಿಗೂ ಬರಲಿ

ಕೃಷಿ ಪದವಿಯ ಅಂತಿಮ ಹಂತದ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತಂಗಿ ಅಧ್ಯಯನ ನಡೆಸುವ ಪದ್ಧತಿ ಮಲೆನಾಡಿಗೆ ಹೊಸದಲ್ಲ. ಪ್ರಶ್ನಾವಳಿ ಹಿಡಿದು ಬಂದವರಿಗೆ ನಮ್ಮವರು ಆಸರಿಗೆ ಕೊಟ್ಟು, ತೋಟ-ಬೆಟ್ಟ ತೋರಿಸಿ, ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾರೆ. ಆ ಉತ್ತರಗಳು ಮುಂದೆ ಏನಾದವೆಂದು ಊರಿಗೆ ತಿಳಿಯುವುದು ಅಪರೂಪ. ವರದಿಗೆ ಅಂಕ ದೊರೆಯುತ್ತದೆ. ಪ್ರತಿ ಕಪಾಟು ಸೇರುತ್ತದೆ.

ಇದರ ಹೊಣೆಯನ್ನು ವಿದ್ಯಾರ್ಥಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಪ್ರಶ್ನೆಯನ್ನು ಅಧ್ಯಾಪಕರೇ ನಿಶ್ಚಯಿಸಿ, ಅಂಕಿ-ಅಂಶ ತರುವ ಕೆಲಸವನ್ನಷ್ಟೇ ವಹಿಸಿದರೆ ವಿದ್ಯಾರ್ಥಿಗಳು ಸಂಶೋಧನೆಯ ಪಾಲುದಾರರಾಗುವುದಿಲ್ಲ, ಆಳುಗಳಾಗುತ್ತಾರೆ. ಅವರಲ್ಲಿ ಅನೇಕರು ಇದೇ ಸೀಮೆಯ ಮಕ್ಕಳು. ಅಜ್ಜಿ ಹೇಳುವ ಗಿಡದ ಹೆಸರು, ಹಳ್ಳದ ದಾರಿ, ಬೆಟ್ಟದ ಗಡಿ ಅವರಿಗೆ ಗೊತ್ತು. ಅಧ್ಯಾಪಕರಿಗೆ ಮಾಪನದ ಕ್ರಮ ಗೊತ್ತು. ಈ ಎರಡೂ ಕೂಡಿದಾಗಲೇ ಉಪಯುಕ್ತ ಜ್ಞಾನ ಹುಟ್ಟುತ್ತದೆ.

ಉಪ್ಪಾಗೆಯನ್ನೇ ನೋಡೋಣ. ಇದರ ಕೊಯ್ಲು ಮಳೆಗಾಲದಲ್ಲಿ. ಆದ್ದರಿಂದ ಸಿಪ್ಪೆಯನ್ನು ಸೌದೆ ಉರಿಸಿ ಒಣಗಿಸಬೇಕು. ಬೆಲೆ ಏರಿದಾಗ ಪೈಪೋಟಿಯಿಂದ ಬಲಿಯದ ಕಾಯಿಗೂ ಕೈ ಹಾಕುವುದು, ರೆಂಬೆಯನ್ನೇ ಕಡಿಯುವುದು ನಡೆಯುತ್ತದೆ. ಒಂದು ಕಿಲೋ ಒಣಸಿಪ್ಪೆಗೆ ಎಷ್ಟು ಸೌದೆ ಬೇಕೆಂಬುದನ್ನು ಒಂದೇ ಹಂಗಾಮಿನಲ್ಲಿ ತೂಗಿ ಹೇಳಬಹುದು. ಆದರೆ ಮರದಡಿಯ ಸಸಿಗಳು ಹೆಚ್ಚುತ್ತಿವೆಯೇ, ಕ್ಷೀಣಿಸುತ್ತಿವೆಯೇ ಎಂದು ತಿಳಿಯಲು ಹಲವು ವರ್ಷಗಳ ಎಣಿಕೆ ಬೇಕು. ವಿದ್ಯಾರ್ಥಿಗಳು ಪದವಿ ಪಡೆದು ತೆರಳುತ್ತಾರೆ. ಅಧ್ಯಾಪಕರೂ ಊರೂ ಉಳಿಯುತ್ತಾರೆ. ಹಿಂದಿನ ತಂಡ ನಿಲ್ಲಿಸಿದಲ್ಲಿಂದ ಮುಂದಿನ ತಂಡ ಆರಂಭಿಸುವಂತೆ ನೋಡಿಕೊಳ್ಳುವುದು ಅಧ್ಯಾಪಕರ ಮುಖ್ಯ ಕರ್ತವ್ಯ.

ಇದು ಅಸಾಧ್ಯವೇನಲ್ಲ. 1990ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಪಶ್ಚಿಮ ಘಟ್ಟದ ಕಾಲೇಜು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಜೊತೆಗೂಡಿಸಿ ಜೀವವೈವಿಧ್ಯವನ್ನು ದಾಖಲಿಸಿದರು. 2002ರ ಜೈವಿಕ ವೈವಿಧ್ಯ ಕಾಯಿದೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ವಿಧಿಸಿತು. ಊರವರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ರಚಿಸುವ ಹೊಣೆ ಆ ಸಮಿತಿಯದು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಇದಕ್ಕೆ 2020ರ ಜನವರಿ 31ರ ಗಡುವು ಹಾಕಿತ್ತು. ಗಡುವಿಗಾಗಿ ಅವಸರದಲ್ಲಿ ತುಂಬಿದ ಪುಟಗಳು ಊರಿನ ನಿಜಸ್ಥಿತಿಯನ್ನು ಹೇಳಲಾರವು. ಅವನ್ನು ಕಾಡು-ತೋಟ ಸುತ್ತಿ ತಿದ್ದುವುದಕ್ಕಿಂತ ಒಳ್ಳೆಯ ವಿದ್ಯಾರ್ಥಿ ಯೋಜನೆ ಬೇರೆ ಯಾವುದಿದೆ?

ಆದ್ದರಿಂದ ಮುಂದಿನ ತಂಡ ಅಂಗಳಕ್ಕೆ ಬಂದಾಗ ಊರವರು ಮೂರು ಮಾತು ಕೇಳಲಿ. ಈ ಪ್ರಶ್ನೆಯನ್ನು ಆರಿಸುವಾಗ ನಮ್ಮನ್ನು ಕೇಳಿದಿರಾ? ಮಾಹಿತಿ ಕೊಟ್ಟವರು ಒಪ್ಪಿದರೆ ಅವರ ಹೆಸರು ವರದಿಯಲ್ಲಿ ಇರುತ್ತದೆಯೇ? ಕನ್ನಡದ ಪ್ರತಿಯೊಂದು ಗ್ರಾಮಸಭೆಗೆ ಬರುತ್ತದೆಯೇ? ವಿದ್ಯಾರ್ಥಿ ಮಿತ್ರರೂ ಇದೇ ಪ್ರಶ್ನೆಗಳನ್ನು ತಮ್ಮ ಗುರುಗಳ ಮುಂದೆ ವಿನಯದಿಂದ, ಆದರೆ ಅಳುಕದೆ ಇಡಲಿ. ಉತ್ತರ ಹೌದೆಂದಾದರೆ, ತೋಟದ ದಣಪೆ ತೆರೆದೇ ಇರುತ್ತದೆ.