ಹೆಣ್ಣುಮಕ್ಕಳಿಗೂ ಮೈದಾನ ಬೇಕು

ಹೊನಲು ಬೆಳಕಿನ ಕ್ರಿಕೆಟ್ ಪಂದ್ಯಾಟಕ್ಕೆ, ಆಳೆತ್ತರದ ಟ್ರೋಫಿಗೆ ಧಾರಾಳವಾಗಿ ಚಂದಾ ಎತ್ತುವ ನಾವು ನಮ್ಮ ಹೆಣ್ಣುಮಕ್ಕಳ ಆಟಕ್ಕೆ ಏನು ಕೊಟ್ಟಿದ್ದೇವೆ? ಪ್ರಶ್ನಿಸಿದರೆ ಧರ್ಮವನ್ನು ಅಡ್ಡ ತರುತ್ತೇವೆ. ಆದರೆ ಪ್ರವಾದಿಯವರು(ಸ) ಪತ್ನಿ ಆಇಶಾರೊಂದಿಗೆ(ರ) ಓಟದ ಸ್ಪರ್ಧೆ ನಡೆಸಿದ್ದರೆಂದು ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ಮೊದಲ ಬಾರಿ ಗೆದ್ದವರು ಆಇಶಾ(ರ).

ಶಿರವಸ್ತ್ರದ ನೆಪವೂ ಈಗ ಸಲ್ಲದು. 2014ರಲ್ಲಿ ಫುಟ್‌ಬಾಲ್, 2017ರಲ್ಲಿ ಬಾಸ್ಕೆಟ್‌ಬಾಲ್‌ನ ಅಂತಾರಾಷ್ಟ್ರೀಯ ನಿಯಮಗಳು ಅದಕ್ಕೆ ಅನುಮತಿ ನೀಡಿವೆ. 2022 ಮತ್ತು 2023ರಲ್ಲಿ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಆದ ನಿಝಾಮಾಬಾದ್‌ನ ನಿಖತ್ ಝರೀನ್‌ಗೆ ಮೊದಲು ಬೆನ್ನೆಲುಬಾಗಿ ನಿಂತವರು ಆಕೆಯ ತಂದೆ. ಅಂತಹ ತಂದೆಯಿಲ್ಲದ, ಬಡ ಹಾಗೂ ವಿಕಲಚೇತನ ಮಕ್ಕಳಿಗೆ ಜಮಾಅತೇ ಬೆನ್ನೆಲುಬಾಗಬೇಕು. ಶಾದಿಮಹಲ್‌ಗಳು ಖಾಲಿಯಿರುವ ದಿನಗಳಲ್ಲಿ ಮಹಿಳಾ ತರಬೇತುದಾರರನ್ನು ನೇಮಿಸಿ ಉಚಿತ ತರಬೇತಿ ಆರಂಭಿಸಲಿ. ಮುಂದಿನ ಟ್ರೋಫಿಗೆ ಚಂದಾ ಕೇಳಲು ಬರುವವರೊಡನೆ ನಾವೆಲ್ಲರೂ ಮೊದಲು ಇದರ ಲೆಕ್ಕ ಕೇಳೋಣ.