ಕುಲುಮೆಯ ಬುಟ್ಟಿ: ಕಿಲೋ ದರವೋ, ಬಾಳಿಕೆಯ ದರವೋ?

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಗೇರ್, ಶಾಫ್ಟ್, ಪಿನ್ನುಗಳ ಮೇಲ್ಮೈಯನ್ನು ಗಟ್ಟಿಗೊಳಿಸುವ ಶಾಖ ಸಂಸ್ಕರಣಾ ಘಟಕಗಳು ಹಲವಾರಿವೆ. ಸಂಸ್ಕರಿಸಿದ ಸರಕಿನ ತೂಕದ ಮೇಲೆ ಇವುಗಳಿಗೆ ಕೂಲಿ ಸಲ್ಲುತ್ತದೆ. ಖರೀದಿಯ ನಿರ್ಧಾರವೂ ಅದೇ ಕಿಲೋ ಲೆಕ್ಕದಲ್ಲಿ ನಡೆಯುವುದು ರೂಢಿ. ಕುಲುಮೆಯೊಳಗಿನ ಬುಟ್ಟಿ, ರಿಟಾರ್ಟ್, ರೇಡಿಯಂಟ್ ಟ್ಯೂಬುಗಳ ವಿಷಯದಲ್ಲಿ ಈ ರೂಢಿ ನಷ್ಟಕ್ಕೆ ದಾರಿಯಾಗುತ್ತದೆ.

ಗ್ಯಾಸ್ ಕಾರ್ಬುರೈಸಿಂಗ್ ಸಾಮಾನ್ಯವಾಗಿ 900ರಿಂದ 950 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ನಡೆಯುತ್ತದೆ. ಗೇರಿನ ಮೇಲ್ಮೈಗೆ ಇಂಗಾಲ ಉಣಿಸುವ ಅನಿಲವು ಗೇರನ್ನು ಹೊತ್ತ ಬುಟ್ಟಿಯನ್ನೂ ಬಿಡುವುದಿಲ್ಲ. ಗೇರು ಕುಲುಮೆಯನ್ನು ಒಮ್ಮೆ ಹೊಕ್ಕು ಹೊರಬಂದರೆ, ಬುಟ್ಟಿ ಮತ್ತೆ ಮತ್ತೆ ಹೊಗಬೇಕು. ಒಳಸೇರಿದ ಇಂಗಾಲವು ಲೋಹದಲ್ಲಿರುವ ಕ್ರೋಮಿಯಂನೊಡನೆ ಕೂಡಿ ಕಾರ್ಬೈಡ್ ಆಗುತ್ತದೆ. ರಕ್ಷಣಾ ಪದರ ಕಟ್ಟಬೇಕಾದ ಕ್ರೋಮಿಯಂ ಹೀಗೆ ವ್ಯಯವಾದ ಮೇಲೆ ಲೋಹ ಉಬ್ಬುತ್ತದೆ, ಪೆಡಸಾಗುತ್ತದೆ, ಕೊನೆಗೆ ಬಿರಿಯುತ್ತದೆ.

ಈ ದಾಳಿಯನ್ನು ತಡೆಯುವ ಶಕ್ತಿ ಎಲ್ಲ ಸ್ಟೇನ್‌ಲೆಸ್ ಉಕ್ಕುಗಳಿಗೂ ಸಮನಾಗಿಲ್ಲ. 304 ದರ್ಜೆಯಲ್ಲಿ ನಿಕೆಲ್ ಸುಮಾರು ಶೇ. 8, 310ರಲ್ಲಿ ಸುಮಾರು ಶೇ. 20, 330ರಲ್ಲಿ ಸುಮಾರು ಶೇ. 35. ನಿಕೆಲ್ ಹೆಚ್ಚಿದಂತೆ ಲೋಹದಲ್ಲಿ ಇಂಗಾಲ ಕರಗುವ ಪ್ರಮಾಣ ತಗ್ಗುತ್ತದೆ. 330ರಲ್ಲಿರುವ ಶೇ. 1ಕ್ಕೂ ಮಿಗಿಲಾದ ಸಿಲಿಕಾನ್ ಮತ್ತೊಂದು ತಡೆಗೋಡೆಯನ್ನು ಒದಗಿಸುತ್ತದೆ.

ನಿಕೆಲ್ ದುಬಾರಿ ಎಂಬುದು ನಿಜ. ಅದಕ್ಕಾಗಿ ಭಾರತ ಬಹುಮಟ್ಟಿಗೆ ಆಮದನ್ನೇ ಅವಲಂಬಿಸಿದೆ. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ಅದರ ಬೆಲೆ ಟನ್ನಿಗೆ 1,00,000 ಡಾಲರ್ ದಾಟಿ, ವಹಿವಾಟನ್ನೇ ಸ್ಥಗಿತಗೊಳಿಸಬೇಕಾಯಿತು. ಸಣ್ಣ ಉದ್ಯಮಿ ಅಗ್ಗದ ದರ್ಜೆಯತ್ತ ವಾಲುವುದು ಸಹಜವೇ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಉದಾಹರಣೆಗೆ, 60,000 ರೂಪಾಯಿಯ ಬುಟ್ಟಿ 8 ತಿಂಗಳು ಬಾಳಿದರೆ ತಿಂಗಳ ವೆಚ್ಚ 7,500 ರೂಪಾಯಿ. 1,10,000 ರೂಪಾಯಿಯ ಬುಟ್ಟಿ 20 ತಿಂಗಳು ಬಾಳಿದರೆ ಅದೇ ವೆಚ್ಚ 5,500 ರೂಪಾಯಿ. ಬುಟ್ಟಿ ಮುರಿದು ಕುಲುಮೆ ನಿಂತ ದಿನದ ನಷ್ಟ ಇದಕ್ಕೆ ಹೊರತು.

ಹಾಗೆಂದು ದುಬಾರಿ ಲೋಹವೇ ಸದಾ ಲಾಭಕರವೆಂದು ತಿಳಿಯುವುದೂ ತಪ್ಪು. ಗಂಧಕದ ಅಂಶವುಳ್ಳ ಕಟಿಂಗ್ ಆಯಿಲ್ ತೊಳೆಯದೆ ಬಿಡಿಭಾಗಗಳನ್ನು ಕುಲುಮೆಗೆ ಹಾಕಿದರೆ, ನಿಕೆಲ್ ಅಧಿಕವಾಗಿರುವ ಲೋಹವೇ ಹೆಚ್ಚು ಬಾಧೆಗೊಳಗಾಗುತ್ತದೆ. ಎಣ್ಣೆಯಲ್ಲಿ ಅದ್ದುವಾಗಿನ ಉಷ್ಣಾಘಾತದಿಂದ ಬಿರುಕು ಬಿಡುವ ಬುಟ್ಟಿಗೆ ವಿನ್ಯಾಸ ಸುಧಾರಣೆಯೇ ಮದ್ದು. ಆದುದರಿಂದ ಬುಟ್ಟಿ ಏತರಿಂದ ಕೆಡುತ್ತಿದೆ ಎಂಬುದನ್ನು ಮೊದಲು ಅರಿಯಬೇಕು.

ಅಡಚಣೆ ಇರುವುದು ಲೆಕ್ಕಪುಸ್ತಕದಲ್ಲಿ. ಬುಟ್ಟಿಯ ಬೆಲೆಯನ್ನು ಖರೀದಿಯ ದಿನವೇ ‘ಬಿಡಿ ಸಾಮಗ್ರಿ’ ಶೀರ್ಷಿಕೆಗೆ ಖರ್ಚು ಹಾಕಿದರೆ, ಅದು ಎಷ್ಟು ಬಾಳಿತು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. 2013ರ ಕಂಪನಿಗಳ ಕಾಯ್ದೆಯ ಎರಡನೆಯ ಅನುಸೂಚಿಯು, ಗಣನೀಯ ಬೆಲೆಯ ಹಾಗೂ ಭಿನ್ನ ಬಾಳಿಕೆಯ ಭಾಗಗಳ ಆಯುಷ್ಯವನ್ನು ಪ್ರತ್ಯೇಕವಾಗಿ ನಿರ್ಧರಿಸಬೇಕೆಂದು ವಿಧಿಸಿದೆ. 2015ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಪಾಲುದಾರಿಕೆ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದಿದ್ದರೂ ಅದರ ಹಿಂದಿನ ವಿವೇಕ ಅನ್ವಯಿಸುತ್ತದೆ.

ಮಾಡಬೇಕಾದುದು ಕಷ್ಟವೇನಲ್ಲ. ಪ್ರತಿ ಬುಟ್ಟಿಗೂ ಒಂದು ಸಂಖ್ಯೆ, ಒಂದು ಚೀಟಿ ಇರಲಿ. ದರ್ಜೆ, ಬೆಲೆ, ಕುಲುಮೆ ಹೊಕ್ಕ ಸರದಿಗಳು ಅದರಲ್ಲಿ ದಾಖಲಾಗಲಿ. ಸರಬರಾಜುದಾರರಿಂದ ಲೋಹದ ಪರೀಕ್ಷಾ ಪತ್ರವನ್ನು ತಪ್ಪದೆ ಪಡೆಯಬೇಕು. ಹೊಸದಿದ್ದಾಗ ಅಯಸ್ಕಾಂತಕ್ಕೆ ಅಂಟದ 330ರಂತಹ ಲೋಹ, ಕ್ರೋಮಿಯಂ ಕಳೆದುಕೊಂಡಂತೆ ಅಂಟತೊಡಗುವುದುಂಟು. ಇದು ಅಂತಿಮ ಪುರಾವೆಯಲ್ಲ, ಆದರೆ ಖರ್ಚಿಲ್ಲದ ಮುನ್ಸೂಚನೆ. ಅಲ್ಪ ಪ್ರಮಾಣದಲ್ಲಿ ಕೊಳ್ಳುವ ಘಟಕಗಳು ಒಗ್ಗೂಡಿ ಖರೀದಿಸಿದರೆ ದರದಲ್ಲಿಯೂ ಪರೀಕ್ಷೆಯ ವೆಚ್ಚದಲ್ಲಿಯೂ ಅನುಕೂಲವಿದೆ. ಇದಕ್ಕೆ ವಾಣಿಜ್ಯ ಮಂಡಳಿಗಳು ಮುಂದಾಗುವುದು ಸೂಕ್ತ.

ಗೇರಿನ ಕೂಲಿಯಲ್ಲಿ ಕಿಲೋಗೆ ಕೆಲವೇ ರೂಪಾಯಿ ಉಳಿಸಲು ಹೆಣಗುವ ಉದ್ಯಮಿ, ಬುಟ್ಟಿಯೊಳಗೆ ಸದ್ದಿಲ್ಲದೆ ಸೋರುವ ಹಣವನ್ನೂ ಗಮನಿಸಬೇಕಾಗಿದೆ.