ರೈಸ್ ಅಂದರೆ ಅನ್ನವಲ್ಲ, ತರುಣರೇ!



ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆ. ಬೋರ್ಡು ಓದಿ "ಇದೇನು ಅನ್ನದ ಚರ್ಚಾ?" ಎಂದು ನಗುವವರಿದ್ದಾರೆ. ನಗಬೇಡಿ. ಅದು ಒಂದು ಮನೆತನದ ಹೆಸರು. ಆ ಮನೆತನದ ಋಣ ನಮ್ಮ ತುಮಕೂರು ಜಿಲ್ಲೆಯ ಮೇಲೂ ಇದೆ. ಅದಕ್ಕಿಂತ ಮುಖ್ಯವಾಗಿ, ಇಂಗ್ಲಿಷಿನ ಕಾಲ್ತುಳಿತಕ್ಕೆ ಸಿಕ್ಕ ಒಂದು ಸಣ್ಣ ಭಾಷೆಯ ಕಥೆ ಆ ಹೆಸರಿನೊಳಗೇ ಅಡಗಿದೆ.

ಮೊದಲು ಋಣದ ಮಾತು. ಆ ಚರ್ಚು ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸರ ನೆನಪಿನದು. ಅವರ ಮಗ ಬಿ.ಎಲ್. ರೈಸ್ 1837ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಊರೂರಿನ ಶಾಸನಗಳನ್ನು ಸುಮಾರು 9,000ದಷ್ಟು ಒಟ್ಟುಮಾಡಿ, 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದವರು ಅವರು. 1904ರಲ್ಲಿ ಬಂದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯದು. ಗುಬ್ಬಿಯ ಕಲ್ಲುಗಳೂ ಅದರಲ್ಲಿವೆ, ಕುಣಿಗಲ್ಲಿನವೂ ಇವೆ. ಅಚ್ಚಿನ ಮನೆಯವನಾದ ನನಗೆ ಆ ಶ್ರಮ ಎಂಥದೆಂದು ಗೊತ್ತು. ಒತ್ತಕ್ಷರ, ಕೊಂಬು, ದೀರ್ಘ ಎಲ್ಲವನ್ನೂ ಒಂದೊಂದು ಮೊಳೆಯಾಗಿ ಹೆಕ್ಕಿ ಜೋಡಿಸಿದ ಕಾಲ ಅದು!

ಈಗ ಹೆಸರಿನ ಮಾತು. ರೈಸ್ ಎಂಬ ಹೆಸರಿನ ಮುಖ್ಯ ಬೇರು ಇಂಗ್ಲಿಷಿನಲ್ಲಿಲ್ಲ, ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನ ವೆಲ್ಷ್ ಭಾಷೆಯಲ್ಲಿದೆ. ಅಲ್ಲಿ ಅದು 'ರೀಸ್'. ಹುರುಪು, ಉತ್ಸಾಹ ಎಂದು ಅರ್ಥ. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನೂ ವಾದ್ಯಗಾರರನ್ನೂ ಕರೆಸಿ ಸ್ಪರ್ಧೆ ನಡೆಸಿದ ದೊರೆಯ ಹೆಸರೂ ರೀಸ್. ವೆಲ್ಷ್ ಜನಕ್ಕೆ ಆಗ ಸರ್‌ನೇಮ್ ಎಂಬುದೇ ಇರಲಿಲ್ಲ. ನಮ್ಮ ಹಾಗೆ ತಂದೆಯ ಹೆಸರು ಸೇರಿಸಿಕೊಳ್ಳುತ್ತಿದ್ದರು. 'ರೀಸ್ ಅಪ್ ಥಾಮಸ್' ಎಂದರೆ ಥಾಮಸನ ಮಗ ರೀಸ್, ಅಷ್ಟೇ.

1536ರಲ್ಲಿ ಇಂಗ್ಲೆಂಡಿನ ಕಾನೂನು ವೇಲ್ಸ್ ಮೇಲೆ ಬಂದು ಕೂತಿತು. ಕೋರ್ಟಿನ ಭಾಷೆ ಇಂಗ್ಲಿಷೇ. ಇಂಗ್ಲಿಷ್ ಬಾರದವನಿಗೆ ಸರ್ಕಾರಿ ಹುದ್ದೆ ಇಲ್ಲ. ದಫ್ತರಿನ ಗುಮಾಸ್ತರಿಗೆ ಮನೆತನಕ್ಕೊಂದು ಗಟ್ಟಿ ಹೆಸರು ಬೇಕು, ಅದೂ ಅವರ ನಾಲಗೆಗೆ ಹೊರಳುವಂತೆ. ರೀಸ್ ಹೋಗಿ 'ರೈಸ್' ಆಯಿತು. 'ಅಪ್ ರೀಸ್' ಅಂಟಿಕೊಂಡು 'ಪ್ರೈಸ್' ಆಯಿತು, 'ಅಪ್ ಹೌಯೆಲ್' 'ಪೊವೆಲ್' ಆಯಿತು. ಮಗ ಎಂಬ ಮಾತಿನ ಒಂದು ಚೂರು ಮಾತ್ರ ಹೆಸರಿನ ತುದಿಯಲ್ಲಿ ನೇತಾಡುತ್ತ ಉಳಿಯಿತು!

ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಇನ್ನೊಬ್ಬ ಸಿಕ್ಕಿಬಿದ್ದರೆ ತುಂಡು ಅವನ ಕೊರಳಿಗೆ. ಸಂಜೆ ಯಾರ ಕೊರಳಲ್ಲಿದೆಯೋ ಅವನಿಗೆ ಏಟು. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿಸಿಕೊಳ್ಳುವ ಶಾಲೆಗಳ ಸುದ್ದಿ ನಮ್ಮಲ್ಲಿ ನೀವೂ ಕೇಳಿದ್ದೀರಿ. ಮರದ ತುಂಡು ಹೋಗಿ ರಸೀತಿ ಬಂದಿದೆ.

ಆದರೆ ಆ ಜನ ಸುಮ್ಮನೆ ಕೂರಲಿಲ್ಲ. 'ರೈಸ್' ಆಗಿದ್ದ ಡೈನವರ್ ಎಂಬ ದೊಡ್ಡ ಜಮೀನ್ದಾರಿ ಮನೆತನ 1916ರಲ್ಲಿ ಕಾನೂನುಬದ್ಧವಾಗಿ ಹೆಸರನ್ನು ಮತ್ತೆ 'ರೀಸ್' ಎಂದು ಮಾಡಿಕೊಂಡಿತು. 1967 ಮತ್ತು 1993ರಲ್ಲಿ ಭಾಷಾ ಕಾಯ್ದೆಗಳು ಬಂದವು. 2011ರಲ್ಲಿ ವೆಲ್ಷ್ ಅಧಿಕೃತ ಭಾಷೆಯಾಯಿತು. 2021ರ ಜನಗಣತಿಯಂತೆ ಅದನ್ನು ಆಡುವವರು ಸುಮಾರು 5,38,000 ಮಂದಿ. ಕನ್ನಡ ಮಾತೃಭಾಷೆ ಎಂದು 2011ರಲ್ಲಿ ಬರೆಸಿದವರು 4 ಕೋಟಿ 37 ಲಕ್ಷ! ಹೇಳಿ, ಹೆಸರಿನ ಮೇಲೆ ಅಭಿಮಾನ ಯಾರಿಗೆ ಹೆಚ್ಚಿರಬೇಕಿತ್ತು?

ಈಗ ನಿಮ್ಮ ಹೆಸರಿಗೆ ಬರೋಣ. ನನ್ನ ಪ್ರೆಸ್ಸಿಗೆ ವಿಸಿಟಿಂಗ್ ಕಾರ್ಡು ಮಾಡಿಸಲು ಒಬ್ಬ ಹುಡುಗ ಬಂದಿದ್ದ. ಹೆಸರಿನ ಮುಂದೆ 'ಜಿ.' ಇತ್ತು. "ಜಿ ಅಂದ್ರೆ ಏನಪ್ಪಾ?" ಎಂದೆ. "ಇನಿಶಿಯಲ್ಲು ಸಾರ್" ಎಂದ. "ಅದು ಗೊತ್ತು, ಅದರೊಳಗೆ ಏನಿದೆ?" ಎಂದರೆ ತಾಯಿಗೆ ಫೋನು ಹಚ್ಚಿದ. ಗುಬ್ಬಿ! ಗುಬ್ಬಿ ವೀರಣ್ಣನವರು ಊರಿನ ಹೆಸರನ್ನು ಪೂರ್ತಿ ಹೊತ್ತು ನಾಡೆಲ್ಲ ಮೆರೆಸಿದರು. ಅದೇ ಊರಿನ ಹುಡುಗನಿಗೆ ಅದು ಒಂದು ಇಂಗ್ಲಿಷ್ ಅಕ್ಷರವಾಗಿ ಮಾತ್ರ ಗೊತ್ತು.

ಇನ್ನೊಂದು ವಿಚಿತ್ರ ನೋಡಿ. ತುಮಕೂರು, ತಿಪಟೂರು, ತುರುವೇಕೆರೆ, ತೀರ್ಥಪುರ, ಎಲ್ಲವೂ ನಮ್ಮ ಕೈಯಲ್ಲಿ 'ಟಿ.' ಆಗುತ್ತವೆ. ಇವುಗಳಲ್ಲಿ 'ಟಿ'ಯಿಂದ ಶುರುವಾಗುವ ಊರು ಒಂದೂ ಇಲ್ಲ! ಕುಣಿಗಲ್, ಕೊರಟಗೆರೆ ಎರಡೂ 'ಕೆ.' ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ, ಅಕ್ಷರ ಮಾತ್ರ ಇಂಗ್ಲಿಷಿನದು. ತೀರ್ಥಪುರದವರೇ ಆದ ಶ್ರೀಕಂಠಯ್ಯನವರು 'ತೀ.ನಂ.ಶ್ರೀ.' ಆದರು. ಅರಕಲಗೂಡಿನ ಕೃಷ್ಣರಾಯರು 'ಅ.ನ.ಕೃ.' ಆದರು. ಅವರ ಗೌರವಕ್ಕೆ ಏನಾದರೂ ಕುಂದು ಬಂತೇ?

"ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕೇಳುತ್ತಾರೆ, ಕಂಪನಿಯಲ್ಲಿ ಕೇಳುತ್ತಾರೆ" ಎನ್ನುತ್ತೀರಿ. ನಿಜ. ಆದರೆ ಆ ಖಾಲಿ ಜಾಗ ತುಂಬಲು ಎಲ್ಲಿಂದಲೋ ಜಾತಿಯ ಬಾಲ ತಂದು ಅಂಟಿಸಬೇಡಿ. ಊರು ಮತ್ತು ತಂದೆಯ ಹೆಸರು ಹೇಳಿ ಜಾತಿಯನ್ನು ಹೊರಗಿಟ್ಟದ್ದು ನಮ್ಮ ಕಡೆಯ ಹಿರಿಯರ ದೊಡ್ಡತನ. ಉತ್ತರ ಕರ್ನಾಟಕದವರಂತೆ ಮನೆತನದ ಹೆಸರಿದ್ದರೆ ಅದನ್ನೇ ಪೂರ್ತಿ ಬರೆಯಿರಿ. ಇಲ್ಲದಿದ್ದರೆ ಗುಬ್ಬಿ, ಕುಣಿಗಲ್ ಎಂದೇ ಬರೆಯಿರಿ. ಪರದೇಶದ ಗುಮಾಸ್ತ ಬೇಕಿದ್ದರೆ ಎರಡು ಸಲ ಕೇಳಿಕೊಂಡು ಕಲಿಯಲಿ.

ವೆಲ್ಷ್ ಜನದ ಹೆಸರನ್ನು ತಿರುಚಲು ಒಂದು ಸಾಮ್ರಾಜ್ಯವೇ ಬರಬೇಕಾಯಿತು. ನಮ್ಮದನ್ನು ತಿರುಚಲು ಯಾರೂ ಬರಬೇಕಿಲ್ಲ, ನಾವೇ ಸಾಕು! ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯರನ್ನು ಕೇಳಿ: ನನ್ನ ಇನಿಶಿಯಲ್ಲಿನೊಳಗೆ ಯಾವ ಊರಿದೆ, ಯಾರ ಹೆಸರಿದೆ? ನಾಳೆಯಿಂದ ಅದನ್ನು ಕನ್ನಡದ ಅಕ್ಷರದಲ್ಲೇ ಬರೆಯಿರಿ, ಸಹಿಯನ್ನೂ ಹಾಗೇ ಹಾಕಿ. ಪ್ರೆಸ್ಸಿನವನಾಗಿ ಒಂದು ಮಾತು ಹೇಳುತ್ತೇನೆ. 'ಜಿ' ತೆಗೆದು 'ಗು' ಹಾಕಲು ಯಾವ ಪ್ರೆಸ್ಸಿನವನೂ ಹೆಚ್ಚು ದುಡ್ಡು ಕೇಳುವುದಿಲ್ಲ.